ಆಂಡ್ರ್ಯೂ ಬೋಲ್ಟ್ ಮತ್ತು ಸೆಕ್ಷನ್ 18ಸಿ: ಎರಡು ಅಂಕಣಗಳು ಸಂಸತ್ತಿನವರೆಗೆ ಹೋದ ಬಗೆ

ಆಸ್ಟ್ರೇಲಿಯಾದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ಚರ್ಚೆ ಎದ್ದಾಗಲೆಲ್ಲ ಒಂದು ಹೆಸರು ಬಂದೇ ಬರುತ್ತದೆ: ಆಂಡ್ರ್ಯೂ ಬೋಲ್ಟ್. ಮೆಲ್ಬರ್ನ್‌ನ ‘ಹೆರಾಲ್ಡ್ ಸನ್’ ಪತ್ರಿಕೆಯ ಅಂಕಣಕಾರ. ಮೂಲನಿವಾಸಿಗಳ ಬಗ್ಗೆ 2009ರಲ್ಲಿ ಅವರು ಬರೆದ ಎರಡು ಅಂಕಣಗಳನ್ನು ಫೆಡರಲ್ ನ್ಯಾಯಾಲಯ 2011ರಲ್ಲಿ ಕಾನೂನುಬಾಹಿರ ಎಂದಿತು. ಬೋಲ್ಟ್ ಅಭಿಮಾನಿಗಳಿಗೆ ಅದು ‘ಸರ್ಕಾರಿ ಕಾನೂನು ಒಬ್ಬ ಲೇಖಕನ ಬಾಯಿ ಮುಚ್ಚಿಸಿದ ಪ್ರಕರಣ’, ವಿರೋಧಿಗಳಿಗೆ ‘ಜನಾಂಗ ದ್ವೇಷಕ್ಕೆ ಬಿದ್ದ ಪೆಟ್ಟು’. ತೀರ್ಪನ್ನು ಓದಿದವರಿಗೆ ಕಾಣುವುದು ಇವೆರಡಕ್ಕಿಂತ ಸಪ್ಪೆಯಾದ ಸಂಗತಿ. ಯಾರ ಅಪ್ಪ ಯಾರು, ಯಾರನ್ನು ಸಾಕಿದವರು ಯಾರು, ಯಾವ ಹುದ್ದೆಗೆ ಸಂಬಳವಿತ್ತು, ಯಾವುದಕ್ಕೆ ಇರಲಿಲ್ಲ ಎಂಬಂಥ ವಿವರಗಳನ್ನು ನ್ಯಾಯಾಧೀಶರು ಪುಟಗಟ್ಟಲೆ ಪರಿಶೀಲಿಸಿದ್ದಾರೆ. ಬೋಲ್ಟ್ ಸೋತದ್ದು ಮುಖ್ಯವಾಗಿ ಅಲ್ಲಿ.

ಬೋಲ್ಟ್ ಹುಟ್ಟಿದ್ದು 1959ರಲ್ಲಿ ಅಡಿಲೇಡ್‌ನಲ್ಲಿ, ನೆದರ್ಲೆಂಡ್ಸ್‌ನಿಂದ ವಲಸೆ ಬಂದ ದಂಪತಿಗೆ. ಪತ್ರಿಕೋದ್ಯಮಕ್ಕೆ ಕಾಲಿಟ್ಟದ್ದು ಮೆಲ್ಬರ್ನ್‌ನ ‘ದಿ ಏಜ್’ನಲ್ಲಿ ತರಬೇತಿ ವರದಿಗಾರನಾಗಿ. ಇಂದು ಬಲಪಂಥದ ದನಿ ಎನಿಸಿಕೊಂಡ ಈ ಮನುಷ್ಯ ಒಂದು ಕಾಲದಲ್ಲಿ ಲೇಬರ್ ಪಕ್ಷದ ಚುನಾವಣಾ ಪ್ರಚಾರಕ್ಕೂ ಕೆಲಸ ಮಾಡಿದ್ದುಂಟು. ಮುಂದೆ ಏಷ್ಯಾ ವರದಿಗಾರನಾಗಿ ಹಾಂಗ್‌ಕಾಂಗ್, ಬ್ಯಾಂಕಾಕ್‌ಗಳಲ್ಲಿದ್ದು ಮರಳಿ, ರೂಪರ್ಟ್ ಮರ್ಡೋಕ್ ಒಡೆತನದ ‘ಹೆರಾಲ್ಡ್ ಸನ್’ನಲ್ಲಿ ಅಂಕಣಕಾರರಾದರು. ಹವಾಮಾನ ಬದಲಾವಣೆ, ವಲಸೆ, ಮೂಲನಿವಾಸಿಗಳ ರಾಜಕಾರಣ, ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿ ಅವರ ಖಾಯಂ ವಸ್ತುಗಳು. ಚಿಕ್ಕ ವಾಕ್ಯ, ನೇರವಾಗಿ ಹೆಸರು ಹಿಡಿದು ಹೊಡೆಯುವ ರೀತಿ, ಜೊತೆಗೊಂದಿಷ್ಟು ಗೇಲಿ. ಓದಿಸಿಕೊಂಡು ಹೋಗುವ ಗದ್ಯ ಎಂಬುದನ್ನು ಅವರನ್ನು ಒಪ್ಪದವರೂ ಅಲ್ಲಗಳೆಯುವುದಿಲ್ಲ.

ಹೆಸರು ಹಿಡಿದು ಹೊಡೆಯುವುದರ ಅಪಾಯ 2000ದಲ್ಲೇ ಕಾಣಿಸಿಕೊಂಡಿತ್ತು. ಆ ವರ್ಷ ಡಿಸೆಂಬರ್ 13ರ ಅಂಕಣದಲ್ಲಿ, ವಿಕ್ಟೋರಿಯಾ ರಾಜ್ಯದ ಉಪ ಮುಖ್ಯ ಮ್ಯಾಜಿಸ್ಟ್ರೇಟ್ ಯೆಲೆನಾ ಪೊಪೊವಿಕ್ ಅವರು ಇಬ್ಬರು ಮಾದಕವಸ್ತು ಮಾರಾಟಗಾರರನ್ನು ಬಿಟ್ಟು ಕಳಿಸಿ, ಅವರನ್ನು ಅಪ್ಪಿಕೊಂಡರೆಂದು ಬೋಲ್ಟ್ ಬರೆದರು. ಅಪ್ಪಿಕೊಂಡಿಲ್ಲ, ಪುನರ್ವಸತಿ ಕಾರ್ಯಕ್ರಮ ಮುಗಿಸಿದ್ದಕ್ಕೆ ಕೈಕುಲುಕಿ ಅಭಿನಂದಿಸಿದೆ ಎಂದು ಪೊಪೊವಿಕ್ ಮಾನನಷ್ಟ ಮೊಕದ್ದಮೆ ಹೂಡಿದರು. ಬರೆದದ್ದು ಸುಳ್ಳು, ಅನ್ಯಾಯದ್ದು, ಆದರೆ ದುರುದ್ದೇಶವಿಲ್ಲ ಎಂದಿತು ಜ್ಯೂರಿ. ನ್ಯಾಯಮೂರ್ತಿ ಬೊಂಜಿಯೊರ್ನೊ ಒಂದು ಹೆಜ್ಜೆ ಮುಂದೆ ಹೋದರು. ಬರೆಯುವ ಮೊದಲು ಪೊಪೊವಿಕ್ ಅವರನ್ನು ಒಂದು ಮಾತು ಕೇಳಿಲ್ಲ, ಬರೆದದ್ದು ನಿಜವೋ ಅಲ್ಲವೋ ಎಂಬ ಕಾಳಜಿ ತೋರಿಸಿಲ್ಲ, ಹಾಗಾಗಿ ಇದು ವಿವೇಕದ ನಡೆಯಲ್ಲ ಎಂದರು. ಪರಿಹಾರದ ಮೊತ್ತ ಸುಮಾರು 2,46,000 ಆಸ್ಟ್ರೇಲಿಯನ್ ಡಾಲರ್. ಮೇಲ್ಮನವಿ ನ್ಯಾಯಾಲಯ ಅದರಲ್ಲಿ ದಂಡರೂಪದ 25,000 ಡಾಲರನ್ನು ತೆಗೆಯಿತಾದರೂ ಬೋಲ್ಟ್ ನಡೆಯನ್ನು ಕಡಿಮೆಯೆಂದರೂ ತೀರಾ ಅಜಾಗರೂಕತೆಯದ್ದು ಎಂದು ಕರೆಯಿತು. ಒಂದು ಫೋನ್ ಕರೆಯಲ್ಲಿ ಮುಗಿಯುತ್ತಿದ್ದ ಕೆಲಸ. ಮುಂದಿನ ದೊಡ್ಡ ಪ್ರಕರಣದ ಬೀಜ ಇಲ್ಲೇ ಇದೆ.

ಮೂಲನಿವಾಸಿಗಳ ವಿಷಯದಲ್ಲಿ ಬೋಲ್ಟ್ ವಾದ ಹಳೆಯದು. ಮೂಲನಿವಾಸಿ ಮಕ್ಕಳನ್ನು ಸರ್ಕಾರಗಳು ಮತ್ತು ಮಿಷನರಿಗಳು ಹೆತ್ತವರಿಂದ ಬೇರ್ಪಡಿಸಿದ್ದನ್ನು ಆಸ್ಟ್ರೇಲಿಯಾದಲ್ಲಿ ‘ಕದ್ದ ಪೀಳಿಗೆ’ ಎಂದು ಕರೆಯುತ್ತಾರೆ. 1997ರ ರಾಷ್ಟ್ರೀಯ ತನಿಖಾ ವರದಿ ಅದನ್ನು ದಾಖಲಿಸಿತು, 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಬರೀ ಜನಾಂಗದ ಕಾರಣಕ್ಕೆ ಕದ್ದ ಹತ್ತು ಮಕ್ಕಳ ಹೆಸರು ಹೇಳಿ ನೋಡೋಣ ಎಂಬುದು ಬೋಲ್ಟ್ ಸವಾಲು. ರಾಜ್ಯಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಮ್ಯಾನ್ ಹೆಸರುಗಳ ಪಟ್ಟಿಯನ್ನೇ ಕೊಟ್ಟರು. 2006ರಲ್ಲಿ ಇಬ್ಬರೂ ಮೆಲ್ಬರ್ನ್‌ನಲ್ಲಿ ಸಾರ್ವಜನಿಕ ಚರ್ಚೆಗೂ ಕೂತರು. ಯಾರೂ ಯಾರನ್ನೂ ಒಪ್ಪಿಸಲಿಲ್ಲ.

2009ರ ಏಪ್ರಿಲ್ 15 ಮತ್ತು ಆಗಸ್ಟ್ 21ರ ಅಂಕಣಗಳ ಗುರಿ ಬೇರೆ. ಬಿಳಿ ಮೈಬಣ್ಣದ, ಮಿಶ್ರ ಮೂಲದ ಕೆಲವರು ತಮ್ಮನ್ನು ಮೂಲನಿವಾಸಿ ಎಂದು ‘ಆಯ್ಕೆ’ ಮಾಡಿಕೊಂಡಿದ್ದಾರೆ, ಅದರಿಂದ ಬಹುಮಾನ, ಹುದ್ದೆ, ರಾಜಕೀಯ ಪ್ರಭಾವ ಗಿಟ್ಟಿಸುತ್ತಿದ್ದಾರೆ ಎಂಬ ಆರೋಪ, ಅದೂ ಹೆಸರು, ವಿವರಗಳ ಸಮೇತ. ಇಲ್ಲಿ ಒಂದು ಹಿನ್ನೆಲೆ ಬೇಕು. ಆಸ್ಟ್ರೇಲಿಯಾ ಸರ್ಕಾರ ಮೂಲನಿವಾಸಿ ಯಾರು ಎನ್ನಲು ಮೈಬಣ್ಣ ನೋಡುವುದಿಲ್ಲ. ವಂಶ, ತಾನು ಮೂಲನಿವಾಸಿ ಎಂಬ ಗುರುತಿಸಿಕೊಳ್ಳುವಿಕೆ, ಸಮುದಾಯದ ಒಪ್ಪಿಗೆ, ಈ ಮೂರೂ ಇರಬೇಕು. ‘ಅರ್ಧ’, ‘ಕಾಲು’ ಎಂದು ರಕ್ತದ ಲೆಕ್ಕ ಹಾಕುವುದು ಮಕ್ಕಳನ್ನು ಬೇರ್ಪಡಿಸುತ್ತಿದ್ದ ಕಾಲದ ಆಡಳಿತದ ಭಾಷೆ. ಅಂಕಣ ಆ ಹಳೆಯ ಗಾಯವನ್ನೇ ಮುಟ್ಟಿತು.

ಮೊಕದ್ದಮೆಯ ಮುಂದಾಳು ಪ್ಯಾಟ್ ಈಟಾಕ್. 1972ರಲ್ಲಿ ಮೂಲನಿವಾಸಿಗಳು ಭೂಮಿಯ ಹಕ್ಕಿಗಾಗಿ ಸಂಸತ್ತಿನ ಎದುರು ಡೇರೆ ಹಾಕಿದ ಕ್ಯಾನ್‌ಬೆರಾದ ಟೆಂಟ್ ಎಂಬಸಿ ಚಳವಳಿಯಲ್ಲಿದ್ದ, ಅದೇ ವರ್ಷ ಸಂಸತ್ತಿಗೆ ಸ್ಪರ್ಧಿಸಿದ ಹಿರಿಯ ಹೋರಾಟಗಾರ್ತಿ. ಜೊತೆಗೆ ಇನ್ನೂ ಎಂಟು ಮಂದಿ, ಅವರಲ್ಲಿ ಕಾನೂನು ಪ್ರಾಧ್ಯಾಪಕಿ ಲಾರಿಸಾ ಬೆಹ್ರೆಂಟ್, ಲೇಖಕಿ ಅನಿಟಾ ಹೈಸ್, ಕಲಾವಿದೆ ಬಿಂಡಿ ಕೋಲ್. ಮಾನನಷ್ಟದ ದಾರಿ ಇತ್ತು, ಆದರೆ ಒಂಬತ್ತು ಜನರ ಒಂಬತ್ತು ಪ್ರಕರಣಗಳು ದುಬಾರಿ. ಅದಕ್ಕೂ ಹೆಚ್ಚಾಗಿ, ಏಟು ಬಿದ್ದದ್ದು ಒಬ್ಬೊಬ್ಬರ ಮಾನಕ್ಕಲ್ಲ, ತಮ್ಮಂಥವರ ಗುರುತಿಗೇ ಎಂಬುದು ಅವರ ವಾದ. ಹಾಗಾಗಿ 1975ರ ಜನಾಂಗೀಯ ತಾರತಮ್ಯ ಕಾಯ್ದೆಗೆ 1995ರಲ್ಲಿ ಸೇರಿಸಿದ ಸೆಕ್ಷನ್ 18ಸಿಯನ್ನು ಹಿಡಿದರು. ನಷ್ಟ ಪರಿಹಾರವಾಗಿ ಒಂದು ಡಾಲರನ್ನೂ ಕೇಳಲಿಲ್ಲ.

18ಸಿ ಕೆಲಸ ಮಾಡುವ ರೀತಿ ನಮ್ಮ ಓದುಗರಿಗೆ ಹೊಸದು. ಭಾರತೀಯ ದಂಡ ಸಂಹಿತೆಯ 153ಎ, 295ಎಗಳಂತೆ (ಈಗ ನ್ಯಾಯ ಸಂಹಿತೆಯ 196, 299) ಇದು ಅಪರಾಧವಲ್ಲ. ಪೊಲೀಸ್, ಎಫ್‌ಐಆರ್, ಬಂಧನ ಯಾವುದೂ ಇಲ್ಲ. ನೊಂದವರು ಮೊದಲು ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬೇಕು, ಆಯೋಗ ರಾಜಿಗೆ ಯತ್ನಿಸುತ್ತದೆ, ಆಗದಿದ್ದರೆ ಮಾತ್ರ ಸಿವಿಲ್ ನ್ಯಾಯಾಲಯ. ನಮ್ಮಲ್ಲಿ ಮಾನನಷ್ಟವೂ ಜೈಲಿಗೆ ಒಯ್ಯಬಲ್ಲದು. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಗೌರಿ ಲಂಕೇಶ್ ಅವರಿಗೆ ಆರು ತಿಂಗಳ ಸೆರೆ ವಿಧಿಸಿದ್ದು ಅಂಥದ್ದೇ ಪ್ರಕರಣದಲ್ಲಿ. ಬೋಲ್ಟ್ ಜೈಲಿಗೆ ಹೋಗುವ ಸಾಧ್ಯತೆಯೇ ಇರಲಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಗದ್ದಲದ ಅಳತೆ ಸಿಗುತ್ತದೆ.

ದೂರುದಾರರು ಎರಡು ಸಂಗತಿ ಸಾಬೀತು ಮಾಡಬೇಕು. ಆ ಮಾತು ಆ ಸಮುದಾಯದವರನ್ನು ನೋಯಿಸುವ, ಅವಮಾನಿಸುವ, ಹೀನಾಯಗೊಳಿಸುವ ಅಥವಾ ಬೆದರಿಸುವ ಸಾಧ್ಯತೆ ಇತ್ತು. ಮತ್ತು ಅದನ್ನಾಡಿದ್ದು ಅವರ ಜನಾಂಗ, ಬಣ್ಣ ಅಥವಾ ಮೂಲದ ಕಾರಣಕ್ಕೆ. ‘ನೋಯಿಸುವ’ ಎಂಬುದು ಕೇಳಲು ಬಹಳ ಸಡಿಲ. ಆದರೆ ಕ್ಷುಲ್ಲಕ ಬೇಸರ ಸಾಲದು, ಪರಿಣಾಮ ಆಳವಾದದ್ದೂ ಗಂಭೀರವಾದದ್ದೂ ಆಗಿರಬೇಕೆಂದು ಹಿಂದಿನ ತೀರ್ಪುಗಳು ಹೇಳಿದ್ದವು. ಇಷ್ಟು ಸಾಬೀತಾದರೂ ಪ್ರಕರಣ ಮುಗಿಯುವುದಿಲ್ಲ. ಪಕ್ಕದ 18ಡಿ ದೊಡ್ಡ ಬಾಗಿಲನ್ನೇ ತೆರೆದಿಟ್ಟಿದೆ: ಕಲೆ, ಸಂಶೋಧನೆ, ಸಾರ್ವಜನಿಕ ಹಿತದ ಚರ್ಚೆ, ನ್ಯಾಯಯುತ ವರದಿ ಅಥವಾ ಟೀಕೆ ಯಾವುದಾದರೂ ಸರಿ, ವಿವೇಕದಿಂದ ಮತ್ತು ಸದ್ಭಾವದಿಂದ ಮಾಡಿದ್ದರೆ ರಕ್ಷಣೆ ಸಿಗುತ್ತದೆ. ಆಸ್ಟ್ರೇಲಿಯಾದ ಪತ್ರಕರ್ತರು ದಿನವೂ ಬರೆಯುವುದರಲ್ಲಿ ಬಹುಪಾಲು ಈ ಬಾಗಿಲಿನಿಂದ ಸಲೀಸಾಗಿ ದಾಟುತ್ತದೆ.

ಬೋಲ್ಟ್ ದಾಟಲಿಲ್ಲ. ಲಾರಿಸಾ ಬೆಹ್ರೆಂಟ್ ತಮ್ಮ ಅಪ್ಪನಷ್ಟೇ ಜರ್ಮನ್‌ನಂತೆ ಕಾಣುತ್ತಾರೆಂಬ ಧಾಟಿಯಲ್ಲಿ ಅಂಕಣ ಗೇಲಿ ಮಾಡಿತ್ತು. ಅವರ ಅಪ್ಪ ಕಪ್ಪು ಮೈಬಣ್ಣದ ಮೂಲನಿವಾಸಿ. ಪ್ಯಾಟ್ ಈಟಾಕ್ 19ನೇ ವಯಸ್ಸಿನಲ್ಲಿ ರಾಜಕೀಯ ಸಭೆಯೊಂದಕ್ಕೆ ಹೋದ ಮೇಲೆ ಮೂಲನಿವಾಸಿಯಾದರು ಎಂದಿತ್ತು. ಶಾಲೆಯಲ್ಲಿದ್ದಾಗ, ಎಂಟನೇ ವಯಸ್ಸಿನಿಂದಲೇ ಅವರು ತಮ್ಮನ್ನು ಹಾಗೆ ಗುರುತಿಸಿಕೊಂಡಿದ್ದರು. ಅನಿಟಾ ಹೈಸ್ ಮೂಲನಿವಾಸಿಗಳಿಗೆ ಮೀಸಲಾದ ಮೂರು ಒಳ್ಳೆಯ ಹುದ್ದೆ ಪಡೆದರೆಂದಿತ್ತು. ಒಂದು ರೇಡಿಯೊದಲ್ಲಿ ಸಂಬಳವಿಲ್ಲದ ಸ್ವಯಂಸೇವೆ, ಉಳಿದೆರಡು ಮೀಸಲು ಹುದ್ದೆಗಳೇ ಅಲ್ಲ. ಬಿಂಡಿ ಕೋಲ್ ಅವರ ಇಂಗ್ಲಿಷ್-ಯಹೂದಿ ತಾಯಿಯ ಬಗ್ಗೆ ಬರೆದ ಅಂಕಣ, ಅವರ ಬೆಳವಣಿಗೆಯಲ್ಲಿ ಮೂಲನಿವಾಸಿ ಅಜ್ಜಿ ಮತ್ತು ತಂದೆಯ ಪಾತ್ರವನ್ನು ಬಿಟ್ಟಿತ್ತು. ನಮಗೆ ಕುತೂಹಲ ಹುಟ್ಟಿಸುವುದು ವೇಯ್ನ್ ಮತ್ತು ಗ್ರಹಾಂ ಅಟ್ಕಿನ್ಸನ್ ಸಹೋದರರ ಸಂಗತಿ. ಅವರ ಮುತ್ತಜ್ಜನೊಬ್ಬ ಭಾರತೀಯ, ಆತ ಮೂಲನಿವಾಸಿ ಮೂಲದ ಹೆಂಗಸನ್ನು ಮದುವೆಯಾದ ಕಾರಣಕ್ಕೆ ಇವರು ಮೂಲನಿವಾಸಿಗಳಂತೆ ಎಂದು ಬೋಲ್ಟ್ ವ್ಯಂಗ್ಯವಾಡಿದ್ದರು. ಆ ಭಾರತೀಯ ಇದ್ದದ್ದು ನಿಜ. ಆದರೆ ತಂದೆ, ತಾಯಿ, ನಾಲ್ವರು ಅಜ್ಜ-ಅಜ್ಜಿಯರು, ಆತನೊಬ್ಬನನ್ನು ಬಿಟ್ಟು ಉಳಿದ ಮುತ್ತಜ್ಜ-ಮುತ್ತಜ್ಜಿಯರೆಲ್ಲ ಮೂಲನಿವಾಸಿಗಳು.

ಹೀಗಿರುವಾಗ ‘ಆಯ್ಕೆ’ ಎಂಬ ವಾದದ ಕಂಬವೇ ಕುಸಿಯಿತು. ಒಂಬತ್ತರಲ್ಲಿ ಯಾರೂ ದೊಡ್ಡವರಾದ ಮೇಲೆ ಲಾಭಕ್ಕಾಗಿ ಗುರುತು ಬದಲಿಸಿದವರಲ್ಲ, ಎಲ್ಲರೂ ಬಾಲ್ಯದಿಂದ ಹಾಗೇ ಬೆಳೆದವರು. 2011ರ ಸೆಪ್ಟೆಂಬರ್ 28ರಂದು ನ್ಯಾಯಮೂರ್ತಿ ಮೊರ್ಡೆಕೈ ಬ್ರೋಂಬರ್ಗ್ ಕೊಟ್ಟ ತೀರ್ಪಿನ ತರ್ಕ ಇದು: ಟೀಕೆ ನ್ಯಾಯಯುತವಾಗಬೇಕಾದರೆ ಅದು ನಿಂತ ಸಂಗತಿ ನಿಜವಾಗಿರಬೇಕು. ಅದು ತಪ್ಪು, ಮುಖ್ಯವಾದದ್ದನ್ನು ಬಿಡಲಾಗಿದೆ, ಭಾಷೆಯೋ ಕೆರಳಿಸುವಂಥದ್ದು. ಮೂರೂ ಸೇರಿದಾಗ ‘ಸದ್ಭಾವ’ ಉಳಿಯುವುದಿಲ್ಲ. ಒಬ್ಬರ ಜನಾಂಗೀಯ ಗುರುತನ್ನು ಪ್ರಶ್ನಿಸುವುದೇ ಕಾನೂನುಬಾಹಿರ ಎಂದು ಯಾರೂ ಭಾವಿಸಬಾರದು, ಪ್ರಶ್ನಿಸಿದ ರೀತಿ ಇಲ್ಲಿ ಕಾರಣ ಎಂದೂ ಅವರು ಸ್ಪಷ್ಟವಾಗಿ ಬರೆದರು. ಈ ಸಾಲನ್ನು ಮುಂದಿನ ರಾಜಕೀಯ ಚರ್ಚೆಯಲ್ಲಿ ಉಲ್ಲೇಖಿಸಿದವರು ಬಹಳ ಕಡಿಮೆ.

ಆದರೂ ತೀರ್ಪು ಟೀಕೆಗೆ ಹೊರತಲ್ಲ. ತಪ್ಪು ಸಂಗತಿಗಳಿಗೆ ಮಾನನಷ್ಟ ಕಾನೂನು ಇದ್ದೇ ಇದೆ. ಲೇಖಕನ ಧಾಟಿ, ವ್ಯಂಗ್ಯ, ಸಾಲುಗಳ ನಡುವಿನ ಧ್ವನಿಯನ್ನು ನ್ಯಾಯಾಧೀಶರು ತೂಗಲು ಹೊರಟರೆ ಗಡಿ ಎಲ್ಲಿ ಎಂಬ ಪ್ರಶ್ನೆಯನ್ನು ಬೋಲ್ಟ್ ಬಗ್ಗೆ ಒಲವಿಲ್ಲದ ಪತ್ರಕರ್ತರೂ, ವಕೀಲರೂ ಎತ್ತಿದರು. ಅದು ನ್ಯಾಯವಾದ ಪ್ರಶ್ನೆ. ಕಟುವಾಗಿ ಬರೆಯುವುದು ಅಂಕಣಕಾರನ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು.

ಶಿಕ್ಷೆ ಏನಾಯಿತು? ಪತ್ರಿಕೆ ತೀರ್ಪಿನ ಸಾರಾಂಶವುಳ್ಳ ತಿದ್ದುಪಡಿ ಪ್ರಕಟಣೆ ಹಾಕಬೇಕು, ಅಂಕಣಗಳನ್ನು ಮತ್ತೆ ಅಚ್ಚು ಮಾಡಬಾರದು. ಕ್ಷಮೆ ಕೇಳುವಂತೆ ಆದೇಶವಿರಲಿಲ್ಲ. ಅಂತರ್ಜಾಲದಲ್ಲಿದ್ದ ಪ್ರತಿಗಳನ್ನು ಅಳಿಸಬೇಕಿರಲಿಲ್ಲ, ಮೇಲೆ ಪ್ರಕಟಣೆ ಇದ್ದರೆ ಸಾಕಿತ್ತು. ಬೋಲ್ಟ್ ಇದನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಕರಾಳ ದಿನವೆಂದು ಕರೆದರು. ದನಿಯೇನೂ ಅಡಗಲಿಲ್ಲ: ಅದೇ ವರ್ಷ ಟೆನ್ ವಾಹಿನಿಯಲ್ಲಿ ಅವರದೇ ಹೆಸರಿನ ಕಾರ್ಯಕ್ರಮ ಶುರುವಾಗಿತ್ತು, 2016ರಲ್ಲಿ ಅದು ಸ್ಕೈ ನ್ಯೂಸ್‌ಗೆ ಹೋಯಿತು.

ಪ್ರಕರಣ ರಾಜಕೀಯಕ್ಕೆ ಹಾರಿದ್ದು 2012ರಲ್ಲಿ. ಆಗಿನ್ನೂ ವಿರೋಧ ಪಕ್ಷದ ನಾಯಕರಾಗಿದ್ದ ಟೋನಿ ಅಬಟ್, ಈಗಿರುವ ರೂಪದ 18ಸಿಯನ್ನು ತೆಗೆಯುವುದಾಗಿ ಮಾತು ಕೊಟ್ಟರು. 2013ರಲ್ಲಿ ಗೆದ್ದು ಪ್ರಧಾನಿಯಾದರು. 2014ರ ಮಾರ್ಚ್‌ನಲ್ಲಿ ಅಟಾರ್ನಿ ಜನರಲ್ ಜಾರ್ಜ್ ಬ್ರಾಂಡಿಸ್, ಜನರಿಗೆ ಪೂರ್ವಗ್ರಹಿಗಳಾಗಿರುವ ಹಕ್ಕೂ ಇದೆ ಎಂದು ಸೆನೆಟ್‌ನಲ್ಲೇ ಹೇಳಿಬಿಟ್ಟರು. ಮರುದಿನ ಕರಡು ಮಸೂದೆ ಬಂತು: ನೋಯಿಸುವುದು, ಅವಮಾನಿಸುವುದು, ಹೀನಾಯಗೊಳಿಸುವುದು ಹೊರಗೆ, ಬೆದರಿಕೆ ಮಾತ್ರ ಒಳಗೆ, ಜೊತೆಗೆ ದ್ವೇಷ ಪ್ರಚೋದನೆ. ಬ್ರಾಂಡಿಸ್ ಮಾತು ಮಸೂದೆಯನ್ನು ಹುಟ್ಟುವ ಮೊದಲೇ ಕೊಂದಿತು. ಗ್ರೀಕ್, ಯಹೂದಿ, ಚೀನೀ, ಅರಬ್, ಮೂಲನಿವಾಸಿ ಸಂಘಟನೆಗಳು ಒಂದೇ ಕಡೆ ನಿಂತವು, ಇವರನ್ನೆಲ್ಲ ಒಟ್ಟಿಗೆ ನಿಲ್ಲಿಸುವುದು ಸುಲಭದ ಮಾತಲ್ಲ. ಆಗಸ್ಟ್ 5ರಂದು, ಭಯೋತ್ಪಾದನೆ ತಡೆ ಕಾನೂನುಗಳನ್ನು ಘೋಷಿಸುತ್ತ ಅಬಟ್ ಮಸೂದೆಯನ್ನು ಕೈಬಿಟ್ಟರು. 2017ರಲ್ಲಿ ಮಾಲ್ಕಮ್ ಟರ್ನ್‌ಬುಲ್ ಸರ್ಕಾರ ಆ ಮೂರು ಪದಗಳ ಜಾಗಕ್ಕೆ ‘ಕಿರುಕುಳ’ ತರಲು ಯತ್ನಿಸಿತು, ಮಾರ್ಚ್ ಕೊನೆಯಲ್ಲಿ ಸೆನೆಟ್ ತಿರಸ್ಕರಿಸಿತು. ದೂರುಗಳನ್ನು ಆಯೋಗ ನಿಭಾಯಿಸುವ ಕ್ರಮ ಮಾತ್ರ ಬಿಗಿಯಾಯಿತು.

ಬೋಲ್ಟ್ ವಿವಾದಗಳಲ್ಲಿ ಯಾವಾಗಲೂ ಸೋತವರಲ್ಲ. ಕ್ಯಾಥೊಲಿಕ್ ಚರ್ಚ್‌ನ ಹಿರಿಯ ಧರ್ಮಗುರು ಕಾರ್ಡಿನಲ್ ಜಾರ್ಜ್ ಪೆಲ್ ಮೇಲಿನ ಬಾಲಕರ ಲೈಂಗಿಕ ದೌರ್ಜನ್ಯದ ಅಪರಾಧ ನಿರ್ಣಯ 2019ರಲ್ಲಿ ಬಹಿರಂಗವಾದಾಗ, ಸಾಕ್ಷ್ಯ ಸಾಲದು ಎಂದು ಬರೆದ ಕೆಲವೇ ಕೆಲವರಲ್ಲಿ ಅವರೊಬ್ಬರು. ಬೈಗುಳದ ಮಳೆಯೇ ಸುರಿಯಿತು. 2020ರ ಏಪ್ರಿಲ್ 7ರಂದು ಹೈಕೋರ್ಟ್, ಅಂದರೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಏಳೂ ನ್ಯಾಯಮೂರ್ತಿಗಳ ಒಮ್ಮತದಿಂದ ಪೆಲ್ ಅವರನ್ನು ಖುಲಾಸೆ ಮಾಡಿತು. ಆ ವಾದವನ್ನು ಅವರು ಕಟ್ಟಿದ್ದು ಪೂಜೆ ಮುಗಿದ ಮೇಲಿನ ನಿಮಿಷಗಳ ಲೆಕ್ಕ, ಯಾರು ಎಲ್ಲಿದ್ದರು ಎಂಬ ವಿವರಗಳ ಮೇಲೆ ಎಂಬುದು ಗಮನಿಸಬೇಕಾದದ್ದು. ಅದಕ್ಕೂ ಹಿಂದೆ, 2018ರ ಆಗಸ್ಟ್‌ನಲ್ಲಿ, ವಲಸಿಗರ ‘ಆಕ್ರಮಣ’ದ ಬಗ್ಗೆ ಬರೆದ ಅಂಕಣದಲ್ಲಿ ಮೆಲ್ಬರ್ನ್‌ನ ಡ್ಯಾಂಡೆನಾಂಗ್‌ನಲ್ಲಿರುವ ಲಿಟ್ಲ್ ಇಂಡಿಯಾವನ್ನೂ ಅವರು ಉದಾಹರಣೆಯಾಗಿ ಎಳೆದು ತಂದಿದ್ದರು. ಸೀರೆ, ಸಾಂಬಾರ ಸಾಮಾನಿಗೆಂದು ಅಲ್ಲಿಗೆ ಹೋಗುವ ಮೆಲ್ಬರ್ನ್ ಕನ್ನಡಿಗರಿಗೆ ತಾವು ಆಕ್ರಮಣಕಾರರೆಂದು ತಿಳಿದದ್ದು ಹೀಗೆ.

ಇಷ್ಟೆಲ್ಲದರ ನಡುವೆ ಒಂದು ಸಂಗತಿ ಬಹುತೇಕ ಮರೆತೇಹೋಗಿದೆ. 2011ರ ತೀರ್ಪು ಒಬ್ಬ ನ್ಯಾಯಾಧೀಶರದು. ಫೆಡರಲ್ ನ್ಯಾಯಾಲಯದ ಪೂರ್ಣಪೀಠಕ್ಕೆ, ಅಲ್ಲಿಂದ ಹೈಕೋರ್ಟಿಗೆ ಮೇಲ್ಮನವಿ ಹೋಗಿದ್ದರೆ, ‘ಸದ್ಭಾವ’ ಎಂದರೆ ಏನು, ಅಂಕಣಕಾರನ ಧಾಟಿಯನ್ನು ಕಾನೂನು ಎಷ್ಟರ ಮಟ್ಟಿಗೆ ಅಳೆಯಬಹುದು ಎಂಬುದಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಉತ್ತರ ಸಿಗುತ್ತಿತ್ತು. ಹಣಕ್ಕೂ ವಕೀಲರಿಗೂ ಕೊರತೆಯಿಲ್ಲದ ಮರ್ಡೋಕ್ ಸಂಸ್ಥೆ ಮೇಲ್ಮನವಿ ಹಾಕಲೇ ಇಲ್ಲ. ಕಾನೂನು ಬದಲಾಗಬೇಕೆಂದು ವರ್ಷಗಟ್ಟಲೆ ಸಂಪಾದಕೀಯ ಬರೆದ ಪತ್ರಿಕಾ ಸಮೂಹ ಅದನ್ನು ಮೇಲಿನ ಪೀಠದ ಮುಂದೆ ಪರೀಕ್ಷೆಗೆ ಒಡ್ಡಲಿಲ್ಲ. ಆ ಒಂಬತ್ತು ಜನರ ಕುಟುಂಬದ ವಿವರಗಳನ್ನು ಮತ್ತೊಮ್ಮೆ ತೆರೆದ ನ್ಯಾಯಾಲಯದಲ್ಲಿ ಓದಿಸಬೇಕಾಗುತ್ತಿತ್ತಲ್ಲ.