ಐದು ವಾರ, ವಾರಕ್ಕೆ ಒಂದೂವರೆ ಗಂಟೆ: ಪೇಶಾವರದಲ್ಲಿ ಪರೀಕ್ಷೆಯಾದ ಒಂದು ಆಸರೆ

ಪೇಶಾವರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಹೆಂಗಸು ಮನಸ್ಸು ಸರಿಯಿಲ್ಲವೆಂದು ಹೇಳಿಕೊಂಡು ಬರುವುದಿಲ್ಲ. ತಲೆ ಭಾರ, ಎದೆ ಡವಡವ, ನಿದ್ದೆ ಹತ್ತುವುದಿಲ್ಲ, ಮೈಕೈ ನೋವು ಎನ್ನುತ್ತಾಳೆ. ಕೂರಿಸಿಕೊಂಡು ಇನ್ನೆರಡು ಪ್ರಶ್ನೆ ಕೇಳಿದರೆ ‘ಪರೇಶಾನಿ’ (ಚಿಂತೆ, ಸಂಕಟ) ಎಂಬ ಮಾತು ಹೊರಬೀಳುತ್ತದೆ. ಕಲಬುರಗಿ, ಬೀದರ್ ಕಡೆಯವರಿಗೆ ಆ ಮಾತಿನ ಭಾರ ಬಿಡಿಸಿ ಹೇಳಬೇಕಿಲ್ಲ.

ಪಾಕಿಸ್ತಾನದ ಈ ವಾಯವ್ಯ ಭಾಗ ವರ್ಷಗಟ್ಟಲೆ ಗುಂಡು, ಬಾಂಬಿನ ನಡುವೆ ಬದುಕಿದೆ. 2009ರಲ್ಲಿ ತಾಲಿಬಾನ್ ವಿರುದ್ಧ ಸೇನಾ ಕಾರ್ಯಾಚರಣೆ ನಡೆದಾಗ ಸ್ವಾತ್ ಕಣಿವೆ ಮತ್ತು ಸುತ್ತಲಿನ ಜಿಲ್ಲೆಗಳಿಂದ 20 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಹೊರಟರು. 2014ರ ಡಿಸೆಂಬರ್ 16ರಂದು ಪೇಶಾವರದ ಶಾಲೆಯೊಂದರ ಮೇಲೆ ನಡೆದ ದಾಳಿಯಲ್ಲಿ 140ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಅದರ ಹಿಂದಿನ ತಿಂಗಳಷ್ಟೇ ಅದೇ ಊರಿನ ಮೂರು ಆರೋಗ್ಯ ಕೇಂದ್ರಗಳಲ್ಲಿ, ಮನಸ್ಸು ನೊಂದವರಿಗೆ ಐದು ವಾರಗಳ ಮಾತಿನ ಆಸರೆ ಕೊಟ್ಟು ನೋಡುವ ಒಂದು ಪ್ರಯೋಗ ಶುರುವಾಗಿತ್ತು. ಯುದ್ಧ ಮುಗಿದ ಮೇಲೆ ಗಾಯ ಮಾಯಿಸುವ ಕೆಲಸ ಅದಾಗಿರಲಿಲ್ಲ. ಭಯ ಇನ್ನೂ ಬೀದಿಯಲ್ಲೇ ಇತ್ತು.

ಸಂಘರ್ಷ ನಡೆಯುತ್ತಿರುವ ನಾಡುಗಳಲ್ಲಿ ಯಾವುದೇ ಹೊತ್ತಿನಲ್ಲಿ ನೋಡಿದರೂ ನೂರಕ್ಕೆ ಸುಮಾರು 22 ಮಂದಿಗೆ ಒಂದಿಲ್ಲೊಂದು ಮಾನಸಿಕ ಕಾಯಿಲೆ ಇರುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಅಂದಾಜು. ಆ 22ರಲ್ಲಿ 13 ಮಂದಿಯದು ಸೌಮ್ಯ ಸ್ವರೂಪದ್ದು, ಸುಮಾರು 5 ಮಂದಿಯದು ತೀವ್ರ. ಉಳಿದ 78 ಮಂದಿಗೂ ದುಃಖ, ಭಯ, ನಿದ್ದೆಗೇಡು ಇಲ್ಲವೆಂದಲ್ಲ. ಮನೆ, ಅನ್ನ, ಬಂಧುಬಳಗ ಸಿಕ್ಕರೆ ಅವರಲ್ಲಿ ಹೆಚ್ಚಿನವರು ತಾವಾಗಿ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಬದುಕುಳಿದ ಎಲ್ಲರನ್ನೂ ರೋಗಿಗಳೆಂದು ಎಣಿಸುವುದು ತಪ್ಪು, ಯಾರಿಗೂ ಏನೂ ಬೇಡವೆಂದು ಕೈಬಿಡುವುದು ಅದಕ್ಕಿಂತ ದೊಡ್ಡ ತಪ್ಪು.

ಮನಸ್ಸಿನಲ್ಲಿರುವುದನ್ನು ಹೇಳಿಕೊಂಡರೆ ಹಗುರಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅದೇ ನಂಬಿಕೆಯ ಮೇಲೆ, ಘಟನೆ ನಡೆದ ಕೆಲವೇ ದಿನಗಳಲ್ಲಿ ಜನರನ್ನು ಒಮ್ಮೆ ಕೂರಿಸಿ, ಕಂಡದ್ದನ್ನೆಲ್ಲ ಮೊದಲಿನಿಂದ ಹೇಳಿಸುವ ‘ಡಿಬ್ರೀಫಿಂಗ್’ ಪದ್ಧತಿ ಒಂದು ಕಾಲಕ್ಕೆ ಬಹಳ ಚಾಲ್ತಿಯಲ್ಲಿತ್ತು. ಪರೀಕ್ಷೆಗೆ ಹಚ್ಚಿದಾಗ ಅದು ಮುಂದಿನ ಕಾಯಿಲೆಯನ್ನು ತಡೆಯಲಿಲ್ಲ, ಕೆಲವರಲ್ಲಿ ತೊಂದರೆ ಹೆಚ್ಚೇ ಆಯಿತು. ಮೈ ಇನ್ನೂ ಅಪಾಯದ ಬಿಗಿಯಲ್ಲಿರುವಾಗ ಬಲವಂತವಾಗಿ ಹೇಳಿಸಿದರೆ ಆ ದೃಶ್ಯ ಇನ್ನಷ್ಟು ಆಳಕ್ಕಿಳಿಯಬಹುದು. ಹೇಳಿಸಿದವರು ಮರುದಿನ ಅಲ್ಲಿರುವುದೂ ಇಲ್ಲ. ತರಬೇತಾದವರು ಹಲವು ವಾರ ಜೊತೆಗಿದ್ದು, ಬದುಕಿನ ಕಥೆಯನ್ನು ಹುಟ್ಟಿನಿಂದ ಸಾಲಾಗಿ ಕಟ್ಟಿಸುವ ನಿರೂಪಣಾ ಚಿಕಿತ್ಸೆ ಬೇರೆಯೇ ಸಂಗತಿ. ಉಗಾಂಡದ ನಿರಾಶ್ರಿತರ ನಡುವೆ ಅದು ಫಲ ಕೊಟ್ಟಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡಬಾರದು.

ಪೇಶಾವರದಲ್ಲಿ ಪರೀಕ್ಷಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ‘ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್’ ಎಂಬ ಕ್ರಮ. ವಾರಕ್ಕೊಂದರಂತೆ ಐದು ಭೇಟಿ, ಪ್ರತಿ ಭೇಟಿ 90 ನಿಮಿಷ. ನಡೆಸಿದವರು ಮನೋವೈದ್ಯರಲ್ಲ, ಮಾನಸಿಕ ಆರೋಗ್ಯದ ಅನುಭವವೇ ಇಲ್ಲದ, ಇದಕ್ಕೆಂದೇ ತರಬೇತಾದ ಸ್ಥಳೀಯ ಸಹಾಯಕರು. 346 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಈ ಭೇಟಿಗಳು, ಉಳಿದವರಿಗೆ ಎಂದಿನ ಚಿಕಿತ್ಸೆಯನ್ನೇ ತುಸು ಸುಧಾರಿಸಿ ಕೊಟ್ಟದ್ದು. ಮೂರು ತಿಂಗಳ ಬಳಿಕ ಅಳೆದಾಗ ಭೇಟಿ ಪಡೆದವರಲ್ಲಿ ಆತಂಕ, ಖಿನ್ನತೆ ಎರಡೂ ಎದ್ದು ಕಾಣುವಷ್ಟು ಇಳಿದಿದ್ದವು. ಮುಂದೆ ಸ್ವಾತ್‌ನ 612 ಮಹಿಳೆಯರಲ್ಲಿ ಇದನ್ನೇ ಗುಂಪಿನಲ್ಲಿ ನಡೆಸಿ ನೋಡಿದರು. 2019ರಲ್ಲಿ ಹೊರಬಂದ ಆ ಫಲಿತಾಂಶವೂ ಅದೇ ದಿಕ್ಕಿನದು. (ಮನಸ್ಸಿನ ಕಾಯಿಲೆಗೆ ಊರಿನ ಆರೋಗ್ಯ ಕೇಂದ್ರದಲ್ಲೇ ಆರೈಕೆ ಎಂಬ ಆಲೋಚನೆ ನಮಗೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಅದನ್ನು ಮಾಡಿ ತೋರಿಸಿತ್ತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.)

ಮೊದಲ ಭೇಟಿಯಲ್ಲಿ ಕಲಿಸುವುದು ಉಸಿರು. ಸಹಾಯಕಿ ತಾನು ಮಾಡಿ ತೋರಿಸಿಯೇ ಹೇಳಿಕೊಡುತ್ತಾಳೆ. ಕೈಕಾಲು ಕೊಡವಿ, ಹೆಗಲು ಸಡಿಲಿಸಿ, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಎದೆಯ ಮೇಲೆ. ಬಾಯಿಂದ ಉಸಿರನ್ನೆಲ್ಲ ಹೊರಬಿಟ್ಟಾಗ ಹೊಟ್ಟೆ ಗಾಳಿ ಹೋದ ಬಲೂನಿನಂತೆ ಒಳಕ್ಕೆ ಹೋಗಬೇಕು. ಎಳೆದುಕೊಂಡಾಗ ಹೊಟ್ಟೆಯ ಕೈ ಮೇಲೇಳಬೇಕು, ಎದೆಯ ಕೈ ಆದಷ್ಟು ಅಲುಗಬಾರದು. ಇದು ರೂಢಿಯಾದ ಮೇಲೆ ಎಣಿಕೆ: ಗಡಿಯಾರದ ಟಿಕ್ ಟಿಕ್ ಲಯಕ್ಕೆ ಒಂದು-ಎರಡು-ಮೂರು ಎಂದು ಒಳಗೆ, ಒಂದು-ಎರಡು-ಮೂರು ಎಂದು ಹೊರಗೆ. ಕೆಡುವುದೂ ಇಲ್ಲೇ. ಆತಂಕದಲ್ಲಿರುವವರು ಎದೆ ತುಂಬ ರಭಸದಿಂದ ಎಳೆಯುತ್ತಾರೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಅವರಿಗದು ಇನ್ನೊಂದು ಹೆದರಿಕೆ. ಅಂಥವರಿಗೆ ಎಣಿಕೆಯನ್ನು ಬಿಟ್ಟು ನಿಧಾನವೊಂದನ್ನೇ ಹಿಡಿಯಲು ಹೇಳಬೇಕು.

ಎರಡನೆಯ ಭೇಟಿ ಸಮಸ್ಯೆಗಳದು, ನನಗೆ ಇಡೀ ಕ್ರಮದ ಜೀವಾಳ ಇದೇ ಎನಿಸುತ್ತದೆ. ಗಂಡನನ್ನು ಕಳೆದುಕೊಂಡು ಮೈದುನನ ಮನೆಯಲ್ಲಿ ಎರಡು ಮಕ್ಕಳೊಡನೆ ಇರುವ ಒಬ್ಬಳನ್ನು ಊಹಿಸಿಕೊಳ್ಳಿ. ಸತ್ತ ಗಂಡ, ಬಿಟ್ಟುಬಂದ ಊರು, ಹಿರಿಯ ಮಗನ ನಿಂತ ಶಾಲೆ, ಕೈಯಲ್ಲಿ ಕಾಸಿಲ್ಲದ್ದು, ಓರಗಿತ್ತಿಯ ಮಾತು ಎಲ್ಲವೂ ಆಕೆಯ ತಲೆಯಲ್ಲಿ ಒಂದೇ ಗಂಟು. ಸಹಾಯಕಿ ಅದನ್ನು ಬಿಚ್ಚಿಸಿ ಮೂರು ಪಾಲು ಮಾಡಿಸುತ್ತಾಳೆ: ಕೈಗೆ ಎಟುಕುವಂಥವು, ನಮ್ಮ ಕೈಯಲ್ಲಿಲ್ಲದವು, ಸದ್ಯಕ್ಕೆ ಬಿಡಬಹುದಾದವು. ಗಂಡನ ಸಾವು ಎರಡನೆಯ ಪಾಲಿಗೆ ಹೋಗುತ್ತದೆ. ಅದನ್ನು ಅಲ್ಲಿಡುವಾಗ ಆಕೆ ಅತ್ತರೆ ಅಳಲು ಬಿಡಬೇಕು, ಕಾಗದ ಸರಿಸಿ ಮುಂದಕ್ಕೆ ಹೋಗಬಾರದು. ಮೊದಲ ಪಾಲಿನಿಂದ ಒಂದನ್ನು ಆರಿಸಬೇಕು, ಅದೂ ಆರಂಭಕ್ಕೆ ಸುಲಭದ್ದನ್ನು. ಮಗನ ಶಾಲೆ ಎನ್ನೋಣ. ‘ಮಗ ಓದುತ್ತಿಲ್ಲ’ ಎಂದರೆ ಸಾಲದು, ‘ದಾಖಲೆಪತ್ರ ಹಳ್ಳಿಯಲ್ಲೇ ಉಳಿದಿದೆ, ಅದಿಲ್ಲದೆ ಹೊಸ ಶಾಲೆ ಸೇರಿಸಿಕೊಳ್ಳುತ್ತಿಲ್ಲ’ ಎನ್ನುವಷ್ಟು ಸ್ಪಷ್ಟವಾಗಬೇಕು. ಆಮೇಲೆ ಹೊಳೆದ ದಾರಿಗಳನ್ನೆಲ್ಲ, ಆಗದಂಥವನ್ನೂ ಸೇರಿಸಿ, ಹೇಳಿಸುವುದು. ಒಂದನ್ನು ಆರಿಸಿ ದಿನ, ಹೊತ್ತು, ಜೊತೆಗೆ ಯಾರು ಎಂದು ಗೊತ್ತುಮಾಡುವುದು: ಮಂಗಳವಾರ ಬೆಳಿಗ್ಗೆ, ಮೈದುನನ ಜೊತೆ, ಮುಖ್ಯೋಪಾಧ್ಯಾಯರ ಬಳಿಗೆ. ಮುಂದಿನ ವಾರ ಏನಾಯಿತೆಂದು ಕೇಳುವುದು.

ಇಲ್ಲಿ ಸಹಾಯಕಿಯರು ಎಡವುವುದು ಒಳ್ಳೆಯತನದಿಂದಲೇ. ಎದುರಿಗಿರುವವಳ ಕಷ್ಟ ಕೇಳಿ ಕರುಳು ಚುರ್ರೆಂದು ‘ನೀವು ಹೀಗೆ ಮಾಡಿ’ ಎಂದುಬಿಡುತ್ತಾರೆ. ಆ ಉಪಾಯ ಫಲಿಸದಿದ್ದರೆ ಆಕೆ ಮತ್ತೆ ಬರುವುದೇ ಇಲ್ಲ. ಫಲಿಸಿದರೆ ಮುಂದಿನ ಕಷ್ಟಕ್ಕೂ ಸಹಾಯಕಿಯನ್ನೇ ಹುಡುಕುತ್ತಾಳೆ. ಅದಕ್ಕೇ ಈ ಕೆಲಸಕ್ಕೆ ಸುಮಾರು 80 ಗಂಟೆಗಳ ತರಬೇತಿ, ಮೇಲ್ವಿಚಾರಕರ ಕಣ್ಣೆದುರು ಒಂದೆರಡು ಅಭ್ಯಾಸದ ಪ್ರಕರಣ, ಮುಂದೆ ವಾರವಾರವೂ ಮೇಲ್ವಿಚಾರಣೆಯ ಸಭೆ ಬೇಕೆಂದು ಕೈಪಿಡಿ ಹೇಳುತ್ತದೆ. ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಆ ವಾರದ ಸಭೆಗೇ. ಕೇಳಿದ ದುಃಖವನ್ನು ಇಳಿಸಲು ಜಾಗವಿಲ್ಲದ ಸಹಾಯಕಿ ತಾನೇ ಕುಸಿಯುತ್ತಾಳೆ.

ಮೂರನೆಯ ಭೇಟಿಯಲ್ಲಿ ನಿಂತುಹೋದ ಕೆಲಸಗಳನ್ನು ಸಣ್ಣ ತುಂಡು ಮಾಡಿ ಮತ್ತೆ ಹಿಡಿಸುತ್ತಾರೆ. ಮೊದಲು ಮಾಡು, ಉತ್ಸಾಹ ಆಮೇಲೆ ಬರುತ್ತದೆ ಎಂಬುದೇ ಅದರ ತಿರುಳು. ನಾಲ್ಕನೆಯದು ಜನರ ನಂಟು. ಪಠಾಣ ಗಂಡಸರಿಗೆ ‘ಹುಜ್ರಾ’ ಎಂಬ ಕೂಡುಕಟ್ಟೆಯುಂಟು, ಪರದೆಯ ಹೆಂಗಸರಿಗೆ ಹೊರಗೆ ಕಾಲಿಡಲೇ ಮನೆಯ ಹಿರಿಯರ ಒಪ್ಪಿಗೆ ಬೇಕಾಗುವುದುಂಟು. ಹಾಗಾಗಿ ಅತ್ತೆಯನ್ನೋ ಮೈದುನನನ್ನೋ ಮೊದಲೇ ಕಂಡು ಮಾತಾಡದೆ ಹೋದರೆ ಐದು ಭೇಟಿಗಳು ಎರಡಕ್ಕೇ ನಿಲ್ಲುತ್ತವೆ. ಆದರೆ ಒಳಗೆ ಆಡಿದ್ದರಲ್ಲಿ ಒಂದು ಮಾತೂ ಆ ಹಿರಿಯರ ಕಿವಿಗೆ ಬೀಳಬಾರದು.

ಸಾಯಬೇಕೆನಿಸಿದೆಯೇ ಎಂಬುದನ್ನು ಸುತ್ತಿಬಳಸದೆ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟೀತೆಂಬ ಭಯಕ್ಕೆ ಆಧಾರವಿಲ್ಲ. ಸಾಯುವ ಯೋಜನೆ ಇದ್ದವರು, ಇಲ್ಲದ ದನಿ ಕೇಳಿಸುವವರು, ಊಟ-ಸ್ನಾನದ ಪರಿವೆಯೇ ಇಲ್ಲದವರು ಈ ಐದು ವಾರಗಳ ಪಾಲಿನವರಲ್ಲ. ಅವರನ್ನು ಅಂದೇ ವೈದ್ಯರ ಬಳಿಗೆ, ಜೊತೆಯಲ್ಲೇ ಕರೆದೊಯ್ಯಬೇಕು.

ಈ ಕ್ರಮದ ಫಲ ಎಲ್ಲ ಕಡೆಯೂ ಉಳಿಯುವುದಿಲ್ಲ. ಜೋರ್ಡಾನಿನ ಅಜ್ರಕ್ ಶಿಬಿರದ ಸಿರಿಯಾ ನಿರಾಶ್ರಿತರಲ್ಲಿ ಮೂರು ತಿಂಗಳಿಗೆ ಕಂಡ ಸುಧಾರಣೆ ವರ್ಷ ತುಂಬುವಷ್ಟರಲ್ಲಿ ಕರಗಿತ್ತು. ಶಿಬಿರದ ಬೇಲಿ, ಸಿಗದ ಕೆಲಸ, ಗೊತ್ತಿಲ್ಲದ ನಾಳೆ ಹಾಗೇ ಉಳಿದಿರುವಾಗ ಉಸಿರಾಟದ ಅಭ್ಯಾಸವೊಂದೇ ಎಷ್ಟು ಭಾರ ಹೊತ್ತೀತು? ಪಡಿತರ, ಶೌಚಾಲಯಕ್ಕೆ ದೀಪ, ಗುರುತಿನ ಚೀಟಿ ಇವೆಲ್ಲ ಮನಸ್ಸಿನ ಆರೈಕೆಯ ತಳಪಾಯವೇ.

ಐದನೆಯ ಭೇಟಿಯಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ‘ನಿಮ್ಮ ಗೆಳತಿಯೊಬ್ಬಳು ದಿನವಿಡೀ ಮಲಗೇ ಇರುತ್ತಾಳೆ, ಯಾರೊಡನೆಯೂ ಮಾತಿಲ್ಲ. ಅವಳಿಗೆ ಏನು ಹೇಳಿಕೊಡುತ್ತೀರಿ?’ ಎಂದು ಸಹಾಯಕಿ ಕೇಳಿ ಸುಮ್ಮನಾಗುತ್ತಾಳೆ. ಮೊದಲ ವಾರ ನೆಲ ನೋಡುತ್ತ ಕೂತಿದ್ದವಳೇ ಈಗ ಒಂದು ಕೈಯನ್ನು ಹೊಟ್ಟೆಯ ಮೇಲೂ ಇನ್ನೊಂದನ್ನು ಎದೆಯ ಮೇಲೂ ಇಟ್ಟು ತೋರಿಸಬೇಕು. ತಪ್ಪಿದರೂ ಸಹಾಯಕಿ ನಡುವೆ ಬಾಯಿ ಹಾಕುವಂತಿಲ್ಲ.