ಟ್ರೇಲರ್‌ಗೆ ಡಿಸ್ಕ್ ಹಾಕಿಸುವ ಮೊದಲು ಡ್ರಮ್ ಬಿಚ್ಚಿಸಿ

ಅಮೆರಿಕದ ಕೊಲೊರಾಡೋದಲ್ಲಿ ಟ್ರಾವೆಲ್ ಟ್ರೇಲರ್‌ಗಳ, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಗಳ, ಬ್ರೇಕ್ ರಿಪೇರಿ ನನ್ನ ಕೆಲಸ. ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಸುಮಾರು 7% ಇಳಿಜಾರು. ಅಲ್ಲಿ ಒಮ್ಮೆ ಹೆದರಿದವರು ನೇರವಾಗಿ ಬಂದು, "ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಬ್ರೇಕ್ ಹಾಕಿಬಿಡಿ" ಅನ್ನುತ್ತಾರೆ. ನಾನು ಮೊದಲು ಚಕ್ರ ಬಿಚ್ಚುತ್ತೇನೆ.

ಈಚೆಗೆ ಹೀಗೇ ಬಂದ ಒಂದು ಟ್ರೇಲರ್‌ನ ಡ್ರಮ್ ಎಳೆದರೆ ಒಳಗೆಲ್ಲ ಗ್ರೀಸ್. ಮಾಲೀಕರು ಆಕ್ಸಲ್ ತುದಿಯಲ್ಲಿ ಗ್ರೀಸ್ ತುಂಬುವ ನಿಪ್ಪಲ್‌ಗೆ ಗ್ರೀಸ್ ಗನ್ ಇಟ್ಟು, ಚಕ್ರ ತಿರುಗಿಸದೆ ಸುಮ್ನೆ ಒತ್ತಿದ್ದಾರೆ. ಸೀಲ್ ದಾಟಿದ ಗ್ರೀಸ್, ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಶೂಗೂ ಅದನ್ನು ಕೆಲಸಕ್ಕೆ ಹಚ್ಚುವ ಮ್ಯಾಗ್ನೆಟ್‌ಗೂ ಮೆತ್ತಿಕೊಂಡಿದೆ. ಗ್ರೀಸ್ ಕುಡಿದ ಶೂ ಒರೆಸಿದರೆ ಸರಿಹೋಗುವುದಿಲ್ಲ, ಬದಲಾಯಿಸಲೇಬೇಕು.

ಎಲೆಕ್ಟ್ರಿಕ್ ಡ್ರಮ್ ಬ್ರೇಕಿನ ಜೀವ ಇರುವುದೇ ಆ ಮ್ಯಾಗ್ನೆಟ್‌ನಲ್ಲಿ. ಕರೆಂಟ್ ಬಂದರೆ ಅದು ತಿರುಗುವ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಡ್ರಮ್ ಅದನ್ನು ಜೊತೆಗೆ ಎಳೆಯುತ್ತದೆ, ಆ ಎಳೆತಕ್ಕೆ ಲಿವರ್ ಶೂಗಳನ್ನು ಹೊರಕ್ಕೆ ಒತ್ತುತ್ತದೆ. 12 ಇಂಚಿನ ಬ್ರೇಕಿನ ಒಂದು ಮ್ಯಾಗ್ನೆಟ್‌ಗೆ 3ರಿಂದ 4 ಆಂಪಿಯರ್ ಬೇಕು. ನಾಲ್ಕು ಚಕ್ರಕ್ಕೆ ಎಷ್ಟಾಯಿತು, ನೋಡಿ. ತೆಳು ವೈರು, ತುಕ್ಕು ಹಿಡಿದ ಪ್ಲಗ್ಗು ಇದ್ದರೆ ಹಿಂದಿನ ಚಕ್ರಕ್ಕೆ ಹೋಗುವಷ್ಟರಲ್ಲಿ ವೋಲ್ಟೇಜ್ ಬಿದ್ದಿರುತ್ತದೆ. ಆಕ್ಸಲ್ ಕೊಳವೆಯೊಳಗೆ ವೈರು ಉಜ್ಜಿ ಉಜ್ಜಿ ಷಾರ್ಟ್ ಆಗಿರುವುದೂ ಜಾಸ್ತಿ.

ಹಾಗಂತ ಡಿಸ್ಕ್ ದಂಡ ಅಂತಲ್ಲ. ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಡಿಸ್ಕ್‌ಗೆ ಗಾಳಿ ಆಡುತ್ತದೆ, ಪ್ಯಾಡ್ ಸವೆದಷ್ಟೂ ತಾನೇ ಮುಂದೆ ಬರುತ್ತದೆ. ಈ ಪ್ಯಾಡ್ ಒತ್ತಲು ಟ್ರೇಲರ್ ಮುಂಭಾಗದ ಎಲೆಕ್ಟ್ರಿಕ್ ಪಂಪು ಬ್ರೇಕ್ ಆಯಿಲ್ಲನ್ನು ಸಾಮಾನ್ಯವಾಗಿ 1,600 ಪಿಎಸ್ಐ ಒತ್ತಡದವರೆಗೆ ತಳ್ಳುತ್ತದೆ. ಎಂಟು–ಹತ್ತು ಸಾವಿರ ಪೌಂಡ್ ಟ್ರೇಲರ್ ಎಳೆದುಕೊಂಡು ಬೆಟ್ಟ ಹತ್ತಿ ಇಳಿಯುವವರಿಗೆ ನಾನೇ ಹಾಕಿಸಿ ಅನ್ನುತ್ತೇನೆ. ಮೂರು ಸಾವಿರ ಪೌಂಡಿನ ಪುಟ್ಟ ಟ್ರೇಲರ್‌ಗೆ ಸಾವಿರಾರು ಡಾಲರ್ ಸುರಿಯುವುದು ಯಾಕೆ?

ಹಾಕಿಸುವುದೇ ಆದರೆ ನಿಮ್ಮ ಗಾಡಿಯ ಬ್ರೇಕ್ ಕಂಟ್ರೋಲರ್ (ಟ್ರೇಲರ್ ಬ್ರೇಕಿಗೆ ಕರೆಂಟ್ ಕಳಿಸುವ ಸಾಧನ) ಈ ಹೈಡ್ರಾಲಿಕ್ ಪಂಪಿಗೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳಿ. ಹಳೆಯವು ಎಷ್ಟೋ ಹೊಂದುವುದಿಲ್ಲ. ಇನ್ನೊಂದು, ಡ್ರಮ್ಮಿನಲ್ಲಿ ಒಂದು ಮ್ಯಾಗ್ನೆಟ್ ಸತ್ತರೂ ಮಿಕ್ಕ ಮೂರು ಹಿಡಿಯುತ್ತವೆ. ಪಂಪು ಸತ್ತರೆ ನಾಲ್ಕೂ ಹೋಯಿತು!

ಈಗಿರುವ ಡ್ರಮ್ ಹೇಗಿದೆ ಎಂದು ನೋಡಲು ಲೇಸರ್ ಚುಕ್ಕೆಯ ಥರ್ಮಾಮೀಟರ್ ಸಾಕು. ಒಂದಷ್ಟು ಬ್ರೇಕ್ ಹಾಕಿ ಓಡಿಸಿ, ನಿಲ್ಲಿಸಿ, ನಾಲ್ಕೂ ಡ್ರಮ್ಮಿಗೆ ಹಿಡಿಯಿರಿ. ಮೂರು ಬಿಸಿ, ಒಂದು ತಣ್ಣಗಿದ್ದರೆ ಆ ಚಕ್ರ ಸುಮ್ನೆ ಉರುಳಿಕೊಂಡು ಬಂದಿದೆ.