ಸೀಸದ ವಿಷದಿಂದ ಸೆಳವು ಬರುವುದು ಹೇಗೆ? ಜಮ್ಫಾರಾ ಪ್ರಕರಣದ ಹಿನ್ನೆಲೆಯಲ್ಲಿ

2010ರ ಆರಂಭದಲ್ಲಿ ನೈಜೀರಿಯಾದ ಜಮ್ಫಾರಾ ರಾಜ್ಯದ ಹಳ್ಳಿಗಳಲ್ಲಿ ಪುಟ್ಟ ಮಕ್ಕಳು ಸೆಳವು ಬಂದು ಸಾಯತೊಡಗಿದಾಗ ಮೊದಲು ಶಂಕೆ ಹೋದದ್ದು ಮಲೇರಿಯಾ, ಮಿದುಳಿನ ಪೊರೆಯ ಉರಿಯೂತವಾದ ಮೆನಿಂಜೈಟಿಸ್‌ಗಳ ಕಡೆಗೆ. ರಕ್ತ ಪರೀಕ್ಷೆಯಲ್ಲಿ ನಿಜವಾದ ಕಾರಣ ತಿಳಿಯಿತು. ಚಿನ್ನಕ್ಕಾಗಿ ಮನೆಯಂಗಳದಲ್ಲೇ ಪುಡಿ ಮಾಡುತ್ತಿದ್ದ ಅದಿರಿನಲ್ಲಿ ಸೀಸ ಹೇರಳವಾಗಿದ್ದು, ಅದರ ದೂಳು ಮಕ್ಕಳ ಹೊಟ್ಟೆ ಸೇರಿತ್ತು. ಕನಿಷ್ಠ 400 ಮಕ್ಕಳು ತೀರಿಕೊಂಡರು.

ಸೀಸದ ಅಯಾನು ಕ್ಯಾಲ್ಸಿಯಂ ಅಯಾನಿನಂತೆ ವರ್ತಿಸುತ್ತದೆ ಎಂಬುದನ್ನು ಹಿಡಿದುಕೊಂಡರೆ ಉಳಿದದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ. ಕ್ಯಾಲ್ಸಿಯಂಗೆ ಮೀಸಲಾದ ದಾರಿಗಳಿಂದಲೇ ಅದು ಮಿದುಳನ್ನು ಹೊಕ್ಕು, ನರಕೋಶದ ತುದಿಯಲ್ಲಿ ಸಂಕೇತ ಬಂದಾಗ ಆಗಬೇಕಾದ ನರವಾಹಕಗಳ (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳ) ಬಿಡುಗಡೆಯನ್ನು ಕುಗ್ಗಿಸಿ, ಸಂಕೇತವಿಲ್ಲದಾಗಿನ ಬಿಡುಗಡೆಯನ್ನು ಹೆಚ್ಚಿಸುತ್ತದೆ. ಇದಲ್ಲದೆ, ರಕ್ತದ ಹಿಮೋಗ್ಲೋಬಿನ್‌ನ ಭಾಗವಾದ ಹೀಮ್‌ನ ತಯಾರಿಕೆಯ ಒಂದು ಕಿಣ್ವವನ್ನು ಸೀಸ ತಡೆಯುವುದರಿಂದ ಅಮೈನೋಲೆವುಲಿನಿಕ್ ಆಮ್ಲ ಶೇಖರಗೊಳ್ಳುತ್ತದೆ. ರಚನೆಯಲ್ಲಿ ಗಾಬಾ ಎಂಬ ನರವಾಹಕವನ್ನು ಹೋಲುವ ಈ ಆಮ್ಲವು ನರಕೋಶಗಳನ್ನು ಹತೋಟಿಯಲ್ಲಿಡುವ ಗಾಬಾ ವ್ಯವಸ್ಥೆಗೆ ಅಡ್ಡಿಯಾಗುತ್ತದೆ. ಹೀಗೆ ಹತೋಟಿ ತಪ್ಪಿದ ನರಕೋಶಗಳಿಂದ ಸೆಳವು ಬರಬಹುದು.

ಆದರೆ ಮಗುವಿನ ಪ್ರಾಣಕ್ಕೆ ಕುತ್ತು ತರುವುದು ಮುಖ್ಯವಾಗಿ ರಕ್ತನಾಳಗಳಿಗೆ ಆಗುವ ಹಾನಿ. ರಕ್ತದಲ್ಲಿನ ಸೀಸ ಪ್ರತಿ ಡೆಸಿಲೀಟರ್‌ಗೆ ಸುಮಾರು 70ರಿಂದ 100 ಮೈಕ್ರೋಗ್ರಾಂ ಮೀರಿದಾಗ ಮಿದುಳಿನ ಲೋಮನಾಳಗಳ (ಅತಿ ಸಣ್ಣ ರಕ್ತನಾಳಗಳ) ಒಳಪದರ ಹಾಳಾಗಿ ದ್ರವ ಸೋರುತ್ತದೆ, ಮಿದುಳು ಊದಿಕೊಳ್ಳುತ್ತದೆ, ತಲೆಬುರುಡೆಯೊಳಗಿನ ಒತ್ತಡ ಏರಿ ವಾಂತಿ, ಮಂಪರು, ಸೆಳವು, ಪ್ರಜ್ಞಾಹೀನತೆ ಕಾಣಿಸಿಕೊಳ್ಳುತ್ತವೆ. ಮೆನಿಂಜೈಟಿಸ್ ಪತ್ತೆಗೆ ಮಾಡುವಂತೆ ಇಂಥ ಮಗುವಿನ ಬೆನ್ನುಹುರಿಯ ದ್ರವ ತೆಗೆಯುವುದು ಅಪಾಯಕಾರಿ ಎಂಬುದನ್ನು, ಮೆನಿಂಜೈಟಿಸ್ ಎಂದು ಭ್ರಮಿಸುವ ಸಾಧ್ಯತೆ ಇರುವುದರಿಂದಲೇ, ನಾವು ವಿಶೇಷವಾಗಿ ನೆನಪಿಡಬೇಕು. ನುಂಗಿದ ಸೀಸದಲ್ಲಿ ವಯಸ್ಕರ ದೇಹ ಸುಮಾರು ಹತ್ತನೇ ಒಂದು ಭಾಗವನ್ನು ಹೀರಿಕೊಂಡರೆ ಪುಟ್ಟ ಮಕ್ಕಳ ದೇಹ ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು; ಒಂದೇ ಮನೆಯಲ್ಲಿ ಮಕ್ಕಳೇ ಮೊದಲು ಬೀಳುವುದಕ್ಕೆ ಇದೂ ಒಂದು ಕಾರಣ.

ಸೆಳವನ್ನು ಡಯಾಜೆಪಾಮ್‌ನಂಥ ಔಷಧದಿಂದ ತಕ್ಷಣ ನಿಲ್ಲಿಸಬೇಕು, ಆದರೆ ಅಷ್ಟಕ್ಕೇ ವಿಷ ದೇಹದಿಂದ ಹೋಗುವುದಿಲ್ಲ. ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಕಿಲೇಟರ್ ಔಷಧಗಳು ಬೇಕು. ಮಿದುಳಿನ ಲಕ್ಷಣಗಳಿದ್ದಾಗ ಮೊದಲು ಡೈಮರ್‌ಕ್ಯಾಪ್ರಾಲ್, ಸುಮಾರು ನಾಲ್ಕು ಗಂಟೆಗಳ ನಂತರ ಕ್ಯಾಲ್ಸಿಯಂ ಇಡಿಟಿಎ ಕೊಡುವುದು ಪಠ್ಯಗಳು ಹೇಳುವ ಕ್ರಮ. ಇಡಿಟಿಎಯನ್ನೇ ಮೊದಲು ಕೊಟ್ಟರೆ ದೇಹದ ಸೀಸ ಮಿದುಳಿಗೆ ಸರಿಯುವ ಭಯವಿದೆ. ಜಮ್ಫಾರಾದಲ್ಲಿ ಬಾಯಿಯ ಮೂಲಕ ಕೊಡುವ ಸಕ್ಸಿಮರ್ ಬಳಸಿದರು. ಚಿಕಿತ್ಸೆ ಪಡೆದ ಮಗು ಅದೇ ದೂಳಿಗೆ ಮರಳಿದರೆ ಔಷಧ ವ್ಯರ್ಥವಾಗುವುದರಿಂದ ಹಳ್ಳಿಯ ಮಣ್ಣನ್ನು ತೆಗೆದು ಶುದ್ಧಗೊಳಿಸುವುದನ್ನೂ ಚಿಕಿತ್ಸೆಯ ಭಾಗವೆಂದೇ ಪರಿಗಣಿಸಿದರು. ಆ ಕೆಲಸ 2013ರವರೆಗೂ ತಡವಾದ ಬಗೇಗಾ ಹಳ್ಳಿಯ ಮಕ್ಕಳು ಚಿಕಿತ್ಸೆಗೂ ಅಲ್ಲಿಯವರೆಗೆ ಕಾಯಬೇಕಾಯಿತು.